ಹಾರ ಬಾಡಿದರೆ ಯಾರು ಹೊಣೆ?

ಟೀವಿ ಯೂನಿಟ್ಟಿನ ಕೆಲಸಗಳ ಬಗ್ಗೆ ಓದುಗರ ಪ್ರಶ್ನೆಗಳು, ಸಂಚಿಕೆ ನಿರ್ದೇಶಕಿಯೊಬ್ಬರ ಉತ್ತರಗಳು

ಟೀವಿ ಯೂನಿಟ್ಟಿನಲ್ಲಿ ಯಾರು ಏನು ಮಾಡುತ್ತಾರೆ ಎಂದು ಕೇಳಿ ಬರೆಯಿರಿ ಅಂತ ಹೋದ ಸಂಚಿಕೆಯಲ್ಲಿ ಸಂಪಾದಕರು ಕರೆ ಕೊಟ್ಟಿದ್ದರು. ಬಂದ ಪತ್ರಗಳ ಕಟ್ಟು ನೋಡಿ ನನಗೆ ತುಂಬಾ ಸಂತೋಷವಾಯಿತು. ನಾನು 2001ರಲ್ಲಿ ಬೀಟಾ ಟೇಪಿನ ಕಾಲದಲ್ಲಿ ಸಹಾಯಕ ನಿರ್ದೇಶಕಿಯಾಗಿ ಸೇರಿದವಳು. ಮಧ್ಯೆ ನಾಲ್ಕು ವರ್ಷ ಸ್ಟುಡಿಯೊದಲ್ಲಿ ಫ್ಲೋರ್ ಮ್ಯಾನೇಜರ್ ಆಗಿದ್ದೆ. ಈಗ ಸಂಚಿಕೆ ನಿರ್ದೇಶನ ಮಾಡುತ್ತೇನೆ. ಎಲ್ಲ ಪತ್ರಗಳಿಗೂ ಇಲ್ಲಿ ಜಾಗವಿಲ್ಲ. ಒಂದೇ ಥರದ ಪ್ರಶ್ನೆಗಳಲ್ಲಿ ಒಂದೊಂದನ್ನು ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಸೀರಿಯಲ್ಲಿನಲ್ಲಿ ‘ಪ್ರಧಾನ ನಿರ್ದೇಶನ’ ಎಂದು ಒಬ್ಬರ ಹೆಸರು ಬರುತ್ತದೆ. ‘ಸಂಚಿಕೆ ನಿರ್ದೇಶನ’ ಎಂದು ಇನ್ನೊಬ್ಬರದು. ಒಂದೇ ಮನೆಗೆ ಇಬ್ಬರು ಯಜಮಾನರು ಯಾಕೆ?
*ನಿವೃತ್ತ ಶಿಕ್ಷಕಿ, ಗದಗ*

ಕೆಲಸ ಅಷ್ಟಿದೆ ಮೇಡಂ, ಅದಕ್ಕೇ. ವಾರಕ್ಕೆ ಐದು ಅಥವಾ ಆರು ಸಂಚಿಕೆ ಪ್ರಸಾರ ಆಗಬೇಕು. ಅರ್ಧ ಗಂಟೆಯಲ್ಲಿ ಜಾಹೀರಾತು ಕಳೆದು ಕಥೆಗೆ ಉಳಿಯುವುದು 20ರಿಂದ 22 ನಿಮಿಷ. ಸಿನಿಮಾದವರು ದಿನಕ್ಕೆ ಎರಡು ಮೂರು ನಿಮಿಷದಷ್ಟು ದೃಶ್ಯ ತೆಗೆದರೆ ಒಳ್ಳೆಯ ದಿನ ಅಂದುಕೊಳ್ಳುತ್ತಾರೆ. ನಮಗೆ ಹೆಚ್ಚುಕಡಿಮೆ ದಿನಕ್ಕೊಂದು ಸಂಚಿಕೆ ಮುಗಿಯಲೇಬೇಕು. ಇಲ್ಲದಿದ್ದರೆ ‘ಬ್ಯಾಂಕ್’ ಕರಗುತ್ತದೆ. ಮುಂಚೆಯೇ ತೆಗೆದು ಇಟ್ಟುಕೊಂಡ ಸಂಚಿಕೆಗಳಿಗೆ ನಾವು ಬ್ಯಾಂಕ್ ಅನ್ನುತ್ತೇವೆ. 2020ರ ಮಾರ್ಚ್‌ನಲ್ಲಿ ಶೂಟಿಂಗ್ ನಿಂತಾಗ ಬ್ಯಾಂಕ್ ಕರಗಿ ಸೀರಿಯಲ್‌ಗಳು ಹಳೆಯ ಸಂಚಿಕೆಗಳನ್ನೇ ಹಾಕಬೇಕಾಗಿ ಬಂತು. ನಿಮಗೂ ನೆನಪಿರಬಹುದು.

ಪ್ರಧಾನ ನಿರ್ದೇಶಕರು ಕಥೆಯ ಒಟ್ಟು ದಾರಿ ನೋಡುತ್ತಾರೆ. ಮುಂದಿನ ಎರಡು ತಿಂಗಳು ಸೊಸೆಗೆ ಏನಾಗಬೇಕು, ಯಾವ ಗುಟ್ಟು ಯಾವಾಗ ಬಯಲಾಗಬೇಕು ಎಂದು ಬರಹಗಾರರ ಜೊತೆ, ವಾಹಿನಿಯವರ ಜೊತೆ ಕೂತು ತೀರ್ಮಾನ ಮಾಡುತ್ತಾರೆ. ಆ ಕಾಗದ ಹಿಡಿದು ಬೆಳಿಗ್ಗೆ ಸೆಟ್ಟಿಗೆ ಹೋಗಿ, ಕಲಾವಿದರನ್ನು ನಿಲ್ಲಿಸಿ, ಶಾಟ್ ಇಟ್ಟು ತೆಗೆಯುವವರು ಸಂಚಿಕೆ ನಿರ್ದೇಶಕರು. ನಾನು ಮಾಡುವುದು ಈ ಎರಡನೆಯ ಕೆಲಸ. ಎಷ್ಟೋ ದಿನ ಸಂಭಾಷಣೆ ನನ್ನ ಫೋನಿಗೆ ಬರುವುದೇ ಕಲಾವಿದರು ಮೇಕಪ್‌ಗೆ ಕೂತ ಮೇಲೆ.

ಪ್ರಶ್ನೆ: ಅಕ್ಕಾ, ನಾನು ಎರಡನೇ ಪಿಯುಸಿ. ಅಸಿಸ್ಟೆಂಟ್ ಡೈರೆಕ್ಟರ್ ಆಗಬೇಕು ಅಂತ ಆಸೆ. ಅವರು ನಿಜವಾಗಿ ಏನು ಮಾಡುತ್ತಾರೆ? ಹೆಣ್ಣುಮಕ್ಕಳಿಗೆ ಈ ಕೆಲಸ ಬೇಡ ಅಂತ ಅಪ್ಪ ಹೇಳುತ್ತಾರೆ.
*ವಿದ್ಯಾರ್ಥಿನಿ, ಚನ್ನರಾಯಪಟ್ಟಣ*

ನಿರ್ದೇಶಕರ ಪಕ್ಕ ಕುರ್ಚಿ ಹಾಕಿಕೊಂಡು ಕೂರುವುದು ಅಂತ ಅಂದುಕೊಂಡಿದ್ದರೆ ಅದನ್ನು ಮೊದಲು ಮನಸ್ಸಿನಿಂದ ತೆಗೆದುಬಿಡಮ್ಮ. ಅಸಿಸ್ಟೆಂಟ್‌ಗಳು ಕೂರುವುದು ಊಟಕ್ಕೆ ಮಾತ್ರ. ಒಬ್ಬರು ಕ್ಯಾಮೆರಾ ಪಕ್ಕ ನಿಂತು ಕಲಾವಿದರಿಗೆ ಪ್ರಾಂಪ್ಟ್ ಮಾಡುತ್ತಾರೆ, ಅಂದರೆ ಸಾಲುಗಳನ್ನು ಓದಿ ಕೊಡುತ್ತಾರೆ. ಒಬ್ಬರು ಕ್ಲ್ಯಾಪ್ ಹೊಡೆದು ಯಾವ ಟೇಕ್ ಓಕೆ ಎಂದು ಬರೆದುಕೊಳ್ಳುತ್ತಾರೆ. ಒಬ್ಬರು ಮುಂದಿನ ಸೀನಿಗೆ ಯಾರು ಬೇಕು, ಅವರ ಬಟ್ಟೆ ಯಾವುದು ಎಂದು ಓಡಾಡುತ್ತಾರೆ. ಇನ್ನು ಕಂಟಿನ್ಯುಟಿ. ಅದು ನಾನು ಕಲಿತ ಕೆಲಸ, ನನಗೆ ತುಂಬಾ ಪ್ರೀತಿಯ ಕೆಲಸ. ಅದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ.

ನಾವು ಕಥೆಯ ಸಾಲಿನ ಪ್ರಕಾರ ತೆಗೆಯುವುದಿಲ್ಲ. ಇವತ್ತು ಹಜಾರದಲ್ಲಿ ಲೈಟ್ ಕಟ್ಟಿದ್ದರೆ ಹಜಾರದ ಸೀನುಗಳೆಲ್ಲ ಇವತ್ತೇ. ಸೋಮವಾರದ ಸಂಚಿಕೆಯದೂ ಇರಬಹುದು, ಗುರುವಾರದ್ದೂ ಇರಬಹುದು. ನಾಯಕಿ ಹಜಾರದಿಂದ ಅಡುಗೆಮನೆಗೆ ನಡೆದು ಹೋಗುತ್ತಾಳೆ ಅಂದುಕೋ. ಹಜಾರದ ಭಾಗ ಇವತ್ತು ತೆಗೆದಿರುತ್ತೇವೆ. ಅಡುಗೆಮನೆಯದು ಮೂರು ದಿನ ಬಿಟ್ಟು. ಟೀವಿಯಲ್ಲಿ ಅದು ಐದು ಹೆಜ್ಜೆ. ಆ ಐದು ಹೆಜ್ಜೆಯಲ್ಲಿ ಬಳೆ ಬದಲಾಗಬಾರದು, ಜಡೆ ಹಿಂದಿನಿಂದ ಮುಂದೆ ಬರಬಾರದು, ಕೈಯಲ್ಲಿದ್ದ ಲೋಟದ ಹಾಲು ಏರಬಾರದು. ಇದನ್ನು ಕಾಯುವವರು ಕಂಟಿನ್ಯುಟಿಯವರು.

ನಾನು ಸೇರಿ ಎರಡು ತಿಂಗಳಾಗಿತ್ತು. ತೀರಿಹೋದ ಅಪ್ಪನ ಫೋಟೊ ಮುಂದೆ ಅಣ್ಣತಮ್ಮಂದಿರು ಆಸ್ತಿಗೆ ಜಗಳವಾಡುವ ಸೀನ್. ಮೊದಲ ದಿನ ಫೋಟೊಗೆ ಸುಗಂಧರಾಜದ ಹಾರ ಇತ್ತು. ಅಣ್ಣನ ಪಾತ್ರದವರಿಗೆ ಬೇರೆ ಕಡೆ ಕೆಲಸವಿದ್ದುದರಿಂದ ಅವರ ಶಾಟ್ ಮಾತ್ರ ಮುಗಿಸಿ ಕಳಿಸಿದೆವು. ತಮ್ಮನ ಶಾಟ್ ತೆಗೆದದ್ದು ಮೂರನೇ ದಿನ. ಅಷ್ಟರಲ್ಲಿ ಹಾರ ಬಾಡಿ ಕಂದು ಬಣ್ಣಕ್ಕೆ ತಿರುಗಿತ್ತು. ಆರ್ಟ್ ವಿಭಾಗದ ಹುಡುಗ ಬೆಳಿಗ್ಗೆ ಕೆ.ಆರ್. ಮಾರುಕಟ್ಟೆಗೆ ಹೋಗಿ ಹೊಸ ಹಾರ ತಂದ. ಹಳದಿ ಸೇವಂತಿಗೆ. ಅವನು ಮೊದಲ ದಿನ ಸೆಟ್ಟಿನಲ್ಲಿರಲಿಲ್ಲ, ಅವನಿಗೆ ಗೊತ್ತಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಅಂಗಿಯ ಬಣ್ಣ, ವಾಚು, ಕುಂಕುಮ ಎಲ್ಲ ಇತ್ತು. ಫೋಟೊ ಬಗ್ಗೆ ‘ಹಾರ ಇದೆ’ ಎಂದು ಮಾತ್ರ ಬರೆದಿದ್ದೆ.

ರಾತ್ರಿ ಹನ್ನೊಂದಕ್ಕೆ ಎಡಿಟರ್ ಫೋನ್ ಮಾಡಿದರು. ಅಣ್ಣ ಮಾತಾಡಿದರೆ ಬಿಳಿ ಹಾರ, ತಮ್ಮ ಉತ್ತರ ಕೊಟ್ಟರೆ ಹಳದಿ ಹಾರ. ಮತ್ತೆ ಬಿಳಿ, ಮತ್ತೆ ಹಳದಿ. ಮರುದಿನ ಸಂಜೆ ಪ್ರಸಾರ. ಮತ್ತೆ ತೆಗೆಯಲು ಸಮಯವಿಲ್ಲ. ಅವರು ಬೆಳಗಿನ ಜಾವದವರೆಗೆ ಕೂತು, ಮುಖ ಮಾತ್ರ ಕಾಣುವ ಶಾಟ್‌ಗಳನ್ನು ಹುಡುಕಿ ಹುಡುಕಿ ಜೋಡಿಸಿದರು. ಎರಡು ಶಾಟ್ ಏನು ಮಾಡಿದರೂ ತಪ್ಪಿಸಲಾಗಲಿಲ್ಲ. ನಾನು ಮಾಡದೆ ಬಿಟ್ಟ ಒಂದು ಪದದ ಕೆಲಸಕ್ಕೆ ಇನ್ನೊಬ್ಬರ ಒಂದು ರಾತ್ರಿಯ ನಿದ್ದೆ ಹೋಯಿತು. ಆ ನೋಟ್‌ಬುಕ್ ಈಗಲೂ ನನ್ನ ಬೀರುವಿನಲ್ಲಿದೆ.

ಈಗ ಫೋನಿನಲ್ಲೇ ಫೋಟೊ ತೆಗೆದುಕೊಳ್ಳಬಹುದು. ಆದರೆ ಫೋಟೊ ತೆಗೆದರೆ ಸಾಲದು. ಮೂರು ದಿನ ಬಿಟ್ಟು ಸೀನ್ ನಂಬರ್ ಹಾಕಿ ಹುಡುಕಿದರೆ ಅದು ತಕ್ಷಣ ಸಿಗಬೇಕು. ನನ್ನ ಯೂನಿಟ್ಟಿನಲ್ಲಿ ಹೂವಿನ ಸೀನ್ ಇದ್ದರೆ ಒಂದೇ ಅಂಗಡಿಯಿಂದ ಒಂದೇ ಥರದ ಎರಡು ಹಾರ ತರಿಸುತ್ತೇನೆ. ಒಂದನ್ನು ಒದ್ದೆ ಬಟ್ಟೆ ಸುತ್ತಿ ಐಸ್ ಬಾಕ್ಸಿನಲ್ಲಿ ಇಡಿಸುತ್ತೇನೆ.

ಅಪ್ಪನ ಮಾತಿಗೆ ಬರುತ್ತೇನೆ. ಅವರ ಭಯ ಸುಳ್ಳಲ್ಲ. ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟರೆ ರಾತ್ರಿ ಹತ್ತಾಗುವುದು ಸಾಮಾನ್ಯ. ಸೇರುವ ಮೊದಲೇ ಮೂರು ವಿಷಯ ಕೇಳು. ರಾತ್ರಿ ಮನೆಗೆ ಬಿಡಲು ಗಾಡಿ ಇದೆಯಾ? ಹೊರಗಡೆ ಶೂಟಿಂಗ್ ಇದ್ದಾಗ ಹೆಂಗಸರಿಗೆ ಬೇರೆ ರೂಮು, ಶೌಚಾಲಯ ಇದೆಯಾ? ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇದೆಯಾ? ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಈ ಸಮಿತಿ ಇರಲೇಬೇಕು ಎಂದು 2013ರ ಕಾಯ್ದೆ ಹೇಳುತ್ತದೆ. ಕೇಳಿದ್ದಕ್ಕೆ ಮುಖ ಗಂಟಿಕ್ಕುವ ಕಡೆ ಸೇರಬೇಡ. ಅಪ್ಪನನ್ನು ಒಂದು ದಿನ ಸೆಟ್ಟಿಗೆ ಕರೆದುಕೊಂಡು ಬಾ. ನಮ್ಮಪ್ಪನೂ ಬಂದು, ಸಂಜೆವರೆಗೆ ಲೈಟಿನವರ ಜೊತೆ ಟೀ ಕುಡಿಯುತ್ತಾ ಕೂತಿದ್ದು, ಆಮೇಲೆ ಒಪ್ಪಿದ್ದರು.

ಪ್ರಶ್ನೆ: ಸೀರಿಯಲ್ಲಿನಲ್ಲಿ ಕುಡಿಯುವ ಕಾಫಿ ನಿಜವಾದದ್ದಾ? ಲೋಟ ಖಾಲಿ ಇದ್ದ ಹಾಗೆ ಕಾಣುತ್ತದೆ.
*ಗೃಹಿಣಿ, ಶಿರಸಿ*

ಒಳ್ಳೆಯ ಕಣ್ಣು ನಿಮ್ಮದು. ಕೆಲವು ಸಲ ಖಾಲಿಯೇ ಇರುತ್ತದೆ, ತಪ್ಪು ನಮ್ಮದೇ. ಖಾಲಿ ಲೋಟ ಹಿಡಿದ ಕೈಗೆ ಭಾರ ಇರುವುದಿಲ್ಲ, ಅದು ಗೊತ್ತಾಗಿಬಿಡುತ್ತದೆ. ನಾನು ಬಿಸಿ ನೀರನ್ನಾದರೂ ಹಾಕಿಸುತ್ತೇನೆ. ಲೋಟ, ತಟ್ಟೆ, ಪತ್ರ, ಆಸ್ಪತ್ರೆಯ ರಿಪೋರ್ಟು, ಹೀಗೆ ಕಲಾವಿದರು ಕೈಯಲ್ಲಿ ಹಿಡಿಯುವುದನ್ನೆಲ್ಲ ಒದಗಿಸುವುದು ಆರ್ಟ್ ವಿಭಾಗ.

ಪ್ರಶ್ನೆ: ನಾನು ಐಟಿಐ ಎಲೆಕ್ಟ್ರಿಷಿಯನ್. ‘ಲೈಟ್ ಬಾಯ್’ ಕೆಲಸಕ್ಕೆ ಕರೆದಿದ್ದಾರೆ. ಬರೀ ಲೈಟ್ ಹೊರುವ ಕೆಲಸಕ್ಕೆ ಓದಿದ್ದೆಲ್ಲ ವ್ಯರ್ಥವಾಗುತ್ತಾ?
*ಯುವಕ, ಮದ್ದೂರು*

ವ್ಯರ್ಥವಾಗುವುದಿಲ್ಲ. ನಿಮ್ಮಂಥವರು ನಮಗೆ ಬೇಕೇ ಬೇಕು. ನಿಮಗೆ ಗೊತ್ತಿರುವ ಲೆಕ್ಕವನ್ನೇ ನೋಡಿ. 2000 ವ್ಯಾಟಿನ ಒಂದು ಲೈಟು 230 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತದೆ. ಮನೆಯ ಸಣ್ಣ ಪಾಯಿಂಟು ಇರುವುದು 6 ಆಂಪಿಯರಿಗೆ. ನಾವು ಶೂಟಿಂಗ್ ಮಾಡುವುದೋ ಬಾಡಿಗೆ ಮನೆಗಳಲ್ಲಿ. ಈ ಲೆಕ್ಕ ಗೊತ್ತಿಲ್ಲದವರು ಸಿಕ್ಕ ಪಾಯಿಂಟಿಗೆ ತಂತಿ ಚುಚ್ಚಿದರೆ ಏನಾಗುತ್ತದೆ ಎಂದು ನಿಮಗೆ ಹೇಳಬೇಕಿಲ್ಲ. ಎಲ್‌ಇಡಿ ಬಂದ ಮೇಲೆ ಹೊರೆ ಕಡಿಮೆಯಾಗಿದೆ. ಆದರೂ ರಾತ್ರಿ ಹೊರಾಂಗಣಕ್ಕೆ ದೊಡ್ಡ ಲೈಟು, ಜನರೇಟರ್ ಇದ್ದೇ ಇರುತ್ತದೆ.

ನಾನು ಹತ್ತಿರದಿಂದ ನೋಡಿದ ಒಬ್ಬ ಹಿರಿಯ ಲೈಟಿನವರು ಪ್ರತಿ ಅರ್ಧ ಗಂಟೆಗೊಮ್ಮೆ ಎದ್ದು, ಕೇಬಲ್ಲಿನ ಉದ್ದಕ್ಕೂ ಅಂಗೈ ಹಿಂಭಾಗ ತಾಗಿಸುತ್ತಾ ನಡೆದುಹೋಗುತ್ತಿದ್ದರು. ಎಲ್ಲಿ ಬಿಸಿ ಜಾಸ್ತಿ ಅನ್ನಿಸಿತೋ ಅಲ್ಲಿ ನಿಂತು ಮೂಸಿ ನೋಡುತ್ತಿದ್ದರು. ಯಾರೂ ಅವರಿಗೆ ಹೇಳಿರಲಿಲ್ಲ. ಒಮ್ಮೆ ಚಿತ್ರೀಕರಣದ ಮಧ್ಯೆಯೇ “ಆಫ್!” ಎಂದು ಕೂಗಿದರು. ಒಳ್ಳೆಯ ಟೇಕ್ ಹಾಳಾಯಿತು ಎಂದು ನಿರ್ದೇಶಕರು ಬೇಸರ ಮಾಡಿಕೊಂಡರು. ಆಮೇಲೆ ನೋಡಿದರೆ ಕರ್ಟನ್ ಹಿಂದಿನ ಕನೆಕ್ಟರ್ ಕರಗಲು ಶುರುವಾಗಿತ್ತು.

ಛಾಯಾಗ್ರಾಹಕರು ‘ಮುಖದ ಎಡಕ್ಕೆ ಬೆಳಕು ಸ್ವಲ್ಪ ತಗ್ಗಿಸಿ’ ಎಂದರೆ ಬೆಳಕು ತಿರುಗಿಸುವ ಥರ್ಮಾಕೋಲ್ ಎಷ್ಟು ಓರೆ ಮಾಡಬೇಕು, ಬೆಳಕು ತಡೆಯುವ ಕಟ್ಟರ್ ಎಲ್ಲಿ ಇಡಬೇಕು ಎಂದು ತಿಳಿಯುವುದಕ್ಕೆ ಒಂದೆರಡು ವರ್ಷ ಹಿಡಿಯುತ್ತದೆ. ಗಮನ ಇಟ್ಟು ಕಲಿತವರು ಕ್ಯಾಮೆರಾ ವಿಭಾಗಕ್ಕೆ ಹೋಗಿದ್ದಾರೆ. ಒಂದು ವಿಷಯದಲ್ಲಿ ಮಾತ್ರ ಜಗ್ಗಬೇಡಿ. ಕೈಗವಸು, ಸ್ಟ್ಯಾಂಡಿಗೆ ಮರಳಿನ ಚೀಲ, ಮೇಲೆ ಕಟ್ಟುವ ಲೈಟಿಗೆ ಸರಪಳಿ, ಇಷ್ಟು ಕೊಡದೆ ಏಣಿ ಹತ್ತು ಎಂದರೆ ಹತ್ತಬೇಡಿ.

ಪ್ರಶ್ನೆ: ನೇರಪ್ರಸಾರದಲ್ಲಿ ಕ್ಯಾಮೆರಾದಿಂದ ಕ್ಯಾಮೆರಾಗೆ ಚಿತ್ರ ಹೇಗೆ ಬದಲಾಗುತ್ತದೆ? ಆಮೇಲೆ ಎಡಿಟ್ ಮಾಡಲು ಆಗುವುದಿಲ್ಲ ಅಲ್ವಾ?
*ಅಂಗಡಿ ಮಾಲೀಕರು, ಹೊಸಪೇಟೆ*

ಎಡಿಟ್ ಆಗುವುದು ಅದೇ ಕ್ಷಣದಲ್ಲಿ. ಸ್ಟುಡಿಯೊ ಪಕ್ಕದ ಕೋಣೆಗೆ ಪಿಸಿಆರ್, ಅಂದರೆ ಪ್ರೊಡಕ್ಷನ್ ಕಂಟ್ರೋಲ್ ರೂಮ್ ಅನ್ನುತ್ತಾರೆ. ಅಲ್ಲಿ ಎಲ್ಲ ಕ್ಯಾಮೆರಾದ ಚಿತ್ರಗಳೂ ಸಾಲಾಗಿ ಕಾಣುತ್ತವೆ. ನಿರ್ಮಾಪಕರು “ಕ್ಯಾಮೆರಾ ಎರಡು ಸ್ಟ್ಯಾಂಡ್‌ಬೈ, ಟೇಕ್ ಟು” ಅನ್ನುತ್ತಾರೆ. ಚಿತ್ರ ಬದಲಿಸಲು ಕೂತಿರುವ ವಿಷನ್ ಮಿಕ್ಸರ್ ಬಟನ್ ಒತ್ತುತ್ತಾರೆ. ಪ್ರಸಾರದಲ್ಲಿರುವ ಕ್ಯಾಮೆರಾದ ಮೇಲೆ ಟ್ಯಾಲಿ ಎಂಬ ಕೆಂಪು ದೀಪ ಹತ್ತುತ್ತದೆ.

ಆ ಕೋಣೆಯಲ್ಲಿರುವವರು ಸ್ಟುಡಿಯೊ ಒಳಗೆ ಕೂಗುವ ಹಾಗಿಲ್ಲ. ಅವರ ಬಾಯಿ, ಕೈ ಎರಡೂ ಫ್ಲೋರ್ ಮ್ಯಾನೇಜರ್. ಬೆಂಗಳೂರಿನ ಜೆ.ಸಿ. ನಗರದ ದೂರದರ್ಶನ ಕೇಂದ್ರದಲ್ಲಿ ಇದಕ್ಕೆಂದೇ ಹುದ್ದೆ ಇತ್ತು. ಕಿವಿಗೆ ಹೆಡ್‌ಫೋನ್ ಹಾಕಿ ನಿಂತಿರಬೇಕು. ಎರಡು ಬೆರಳು ತೋರಿಸಿದರೆ ಎರಡು ನಿಮಿಷ ಬಾಕಿ. ಎರಡೂ ಕೈ ಅಗಲಿಸಿ ಎಳೆದರೆ ಮಾತು ಇನ್ನೂ ಬೆಳೆಸಿ. ಬೆರಳು ಸುತ್ತಿಸಿದರೆ ಮುಗಿಸಿ.

ನಾನು ಈ ಕೆಲಸದಲ್ಲಿದ್ದಾಗ ಒಂದು ಫೋನ್-ಇನ್ ಕಾರ್ಯಕ್ರಮ. ಅತಿಥಿಯಾಗಿ ಹಿರಿಯ ವೈದ್ಯರು, ಹೆಗಲ ಮೇಲೆ ಜರಿ ಶಲ್ಯ. ಅವರು ಕೈಯಾಡಿಸಿದಾಗಲೆಲ್ಲ ಜರಿ ಎದೆಯ ಮೈಕಿಗೆ ಉಜ್ಜಿ ಕರಕರ ಸದ್ದು. ಸೌಂಡಿನವರು ನನ್ನ ಕಿವಿಯಲ್ಲಿ “ಶಲ್ಯ, ಶಲ್ಯ” ಎನ್ನುತ್ತಿದ್ದಾರೆ. ನೇರಪ್ರಸಾರ, ಒಳಗೆ ಹೋಗುವ ಹಾಗಿಲ್ಲ. ಎರಡನೇ ಕ್ಯಾಮೆರಾದಲ್ಲಿ ನಿರೂಪಕಿ ಒಬ್ಬರೇ ಇದ್ದರು. ಅದರ ಟ್ಯಾಲಿ ಹತ್ತುವುದನ್ನೇ ಕಾದೆ. ಹತ್ತಿದ ಕೂಡಲೇ ಬಗ್ಗಿಕೊಂಡು ಹೋಗಿ, ವೈದ್ಯರ ಕಣ್ಣು ನೋಡಿ ಅನುಮತಿ ಕೇಳಿ, ಶಲ್ಯವನ್ನು ಆ ಹೆಗಲಿಂದ ಈ ಹೆಗಲಿಗೆ ಹಾಕಿ ವಾಪಸು ಬಂದೆ. ನಿರೂಪಕಿಯ ಪ್ರಶ್ನೆ ಮುಗಿಯುವಷ್ಟರಲ್ಲಿ ಕೆಲಸ ಆಗಿತ್ತು. ಆ ವೈದ್ಯರು ಕಾರ್ಯಕ್ರಮ ಮುಗಿದ ಮೇಲೆ ಹುಡುಕಿಕೊಂಡು ಬಂದು ಕೈಮುಗಿದರು. ಅವತ್ತಿನಿಂದ ಅತಿಥಿಗಳು ಬಂದ ಕೂಡಲೇ ಅವರ ಬಟ್ಟೆ ನೋಡುವುದು ನನಗೆ ಅಭ್ಯಾಸ ಆಯಿತು.

ಪ್ರಶ್ನೆ: ಇದನ್ನೆಲ್ಲ ಕಲಿಸುವ ಕಾಲೇಜು ನಮ್ಮ ರಾಜ್ಯದಲ್ಲಿ ಇದೆಯಾ?
*ಪೋಷಕರು, ಕೊಪ್ಪಳ*

ಇದೆ. ಬೆಂಗಳೂರಿನ ಹತ್ತಿರ ಹೆಸರಘಟ್ಟದಲ್ಲಿ ಸರ್ಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆ ಇದೆ. ಛಾಯಾಗ್ರಹಣ ಮತ್ತು ಧ್ವನಿಗ್ರಹಣದ ಡಿಪ್ಲೊಮಾ ಅಲ್ಲಿದೆ. ಇದರ ಬೇರು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್. ಫಾಲ್ಕೆ ಪ್ರಶಸ್ತಿ ಪಡೆದ ಛಾಯಾಗ್ರಾಹಕ ವಿ.ಕೆ. ಮೂರ್ತಿಯವರು 1940ರ ದಶಕದಲ್ಲಿ ಓದಿದ್ದು ಅಲ್ಲೇ. ನಿರ್ದೇಶಕ, ಛಾಯಾಗ್ರಾಹಕ ಗೋವಿಂದ ನಿಹಲಾನಿಯವರೂ ಅಲ್ಲಿಯವರೇ. ಪದವಿ ಆದ ಮೇಲೆ ಹೋಗುವುದಾದರೆ ಪುಣೆಯ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆ, ಅಂದರೆ ಎಫ್‌ಟಿಐಐನಲ್ಲಿ ಟೀವಿ ವಿಭಾಗವೇ ಬೇರೆ ಇದೆ. ನಿರ್ದೇಶನ, ಕ್ಯಾಮೆರಾ, ಸಂಕಲನ, ಧ್ವನಿ, ಒಂದೊಂದೂ ಒಂದು ವರ್ಷದ್ದು. ಪ್ರವೇಶ ಪರೀಕ್ಷೆ ಬರೆಯಬೇಕು.

ನಟನೆ, ಮೇಕಪ್ಪು, ರಂಗಸಜ್ಜಿಕೆಯ ಕಡೆ ಮನಸ್ಸಿದ್ದರೆ ಸಾಗರ ಹತ್ತಿರದ ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ ಇದೆ. ಅಲ್ಲಿನ ರಂಗಶಿಕ್ಷಣ ಕೇಂದ್ರ 1980ರಲ್ಲಿ ಶುರುವಾದದ್ದು. ಅಲ್ಲಿಂದ ಬಂದವರಲ್ಲಿ ನನಗೆ ಕಾಣುವ ಒಂದು ಗುಣ, ಯಾವ ಕೆಲಸ ಹೇಳಿದರೂ ‘ಇದು ನನ್ನದಲ್ಲ’ ಅನ್ನುವುದಿಲ್ಲ. ಕಸ ಗುಡಿಸಿ, ಪರದೆ ಕಟ್ಟಿ ಕಲಿತವರು.

ಪ್ರಶ್ನೆ: ನನ್ನ ಮಗ ಒಂದು ಯೂನಿಟ್ಟಿನಲ್ಲಿ ಕೆಲಸಕ್ಕಿದ್ದಾನೆ. ಮೂರು ತಿಂಗಳಿಂದ ಹಣ ಬಂದಿಲ್ಲ. ಯಾರನ್ನು ಕೇಳಬೇಕು? ಇನ್ನೊಬ್ಬರು 50,000 ಕೊಟ್ಟರೆ ಒಳ್ಳೆಯ ಕಡೆ ಸೇರಿಸುತ್ತೇನೆ ಅನ್ನುತ್ತಿದ್ದಾರೆ.
*ತಾಯಿ, ಚಳ್ಳಕೆರೆ*

ಅಮ್ಮಾ, ಎರಡನೆಯದಕ್ಕೆ ಮೊದಲು ಉತ್ತರ ಹೇಳುತ್ತೇನೆ. ಒಂದು ರೂಪಾಯಿಯೂ ಕೊಡಬೇಡಿ. ಕೆಲಸ ಮಾಡುವವರಿಗೆ ನಾವು ಹಣ ಕೊಡಬೇಕು, ಅವರಿಂದ ತೆಗೆದುಕೊಳ್ಳುವ ಪದ್ಧತಿ ಎಲ್ಲೂ ಇಲ್ಲ. ಹಾಗೆ ಕೇಳಿದವರು ಮೋಸಗಾರರೇ.

ಸಂಬಳದ ವಿಷಯ ಪ್ರೊಡಕ್ಷನ್ ಮ್ಯಾನೇಜರ್ ಹತ್ತಿರ ಶುರುವಾಗುತ್ತದೆ. ಊಟ, ಗಾಡಿ, ಬಾಡಿಗೆ, ದಿನದ ಲೆಕ್ಕ ಎಲ್ಲ ಅವರ ಕೈಯಲ್ಲಿ. ಅವರ ಮೇಲೆ ಕಾರ್ಯಕಾರಿ ನಿರ್ಮಾಪಕರು, ಅವರ ಮೇಲೆ ನಿರ್ಮಾಪಕರು. ನನಗೂ ಒಂದು ಕಡೆ ನಾಲ್ಕು ತಿಂಗಳ ಹಣ ಬಾಕಿ ಬಿತ್ತು, ಕೊನೆಗೂ ಬರಲಿಲ್ಲ. ಕೆಲಸ ಮಾಡಿದ ದಿನಗಳಿಗೆ ನನ್ನ ಹತ್ತಿರ ಒಂದು ಚೂರು ಕಾಗದವೂ ಇರಲಿಲ್ಲ. ನಿಮ್ಮ ಮಗನಿಗೆ ಇವತ್ತೇ ಹೇಳಿ. ಯಾವ ದಿನ, ಯಾವ ಮನೆಯಲ್ಲಿ, ಎಷ್ಟು ಗಂಟೆಯಿಂದ ಎಷ್ಟರವರೆಗೆ ಎಂದು ಬರೆದು ಇಡಲಿ. ಯಾರು ಎಷ್ಟು ಗಂಟೆಗೆ ಎಲ್ಲಿಗೆ ಬರಬೇಕು ಎಂದು ದಿನವೂ ಫೋನಿಗೆ ಬರುವ ಕಾಲ್‌ಶೀಟ್ ಅಳಿಸದೆ ಇಟ್ಟುಕೊಳ್ಳಲಿ. ಬಾಕಿ ಎಷ್ಟು ಎಂದು ಮ್ಯಾನೇಜರಿಗೆ ಬಾಯಲ್ಲಿ ಹೇಳುವ ಬದಲು ಬರೆದು ಕಳಿಸಲಿ. ಉತ್ತರ ಬರದಿದ್ದರೆ ಆ ಕಾಗದಗಳನ್ನು ಹಿಡಿದು ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಬಹುದು. ಒಬ್ಬನೇ ಹೋಗುವುದು ಬೇಡ. ಹಣ ಬಾಕಿ ಇರುವ ಎಲ್ಲರೂ ಸೇರಿ ಹೋಗಲಿ.

ಪ್ರಶ್ನೆ: ನಮ್ಮ ಪಕ್ಕದ ಮನೆಯನ್ನು ಶೂಟಿಂಗಿಗೆ ಕೊಟ್ಟಿದ್ದಾರೆ. ಮೊನ್ನೆ ಕುಕ್ಕರ್ ವಿಷಲ್ ಆಯಿತು ಎಂದು ಒಬ್ಬ ಹುಡುಗ ಬಂದು ಜೋರು ಮಾಡಿ ಹೋದ. ನಾವು ಅಡುಗೆ ಮಾಡಬಾರದಾ?
*ಗೃಹಿಣಿ, ರಾಜರಾಜೇಶ್ವರಿನಗರ, ಬೆಂಗಳೂರು*

ಖಂಡಿತ ಮಾಡಬೇಕು. ಆ ಹುಡುಗನ ಪರವಾಗಿ ನಾನು ಕ್ಷಮೆ ಕೇಳುತ್ತೇನೆ. ಬೀದಿಯವರಿಗೆ ಮುಂಚೆಯೇ ಹೇಳಿ, ಅವರ ಒಪ್ಪಿಗೆ ಕೇಳುವುದು ಪ್ರೊಡಕ್ಷನ್ ವಿಭಾಗದ ಕೆಲಸ. ಅದನ್ನು ಮಾಡದೆ ಆಮೇಲೆ ಬಂದು ಜೋರು ಮಾಡುವುದು ತಪ್ಪು.

ಆ ವಿಷಲ್ ಯಾಕೆ ಅಷ್ಟು ತೊಂದರೆ ಎಂದು ಮಾತ್ರ ಹೇಳುತ್ತೇನೆ. ಮೊದಲೆಲ್ಲ ಮಾತನ್ನು ಆಮೇಲೆ ಡಬ್ ಮಾಡುವುದು ಹೆಚ್ಚು. ಈಗ ಎಷ್ಟೋ ಕಡೆ ಸೆಟ್ಟಿನಲ್ಲೇ ದನಿ ರೆಕಾರ್ಡ್ ಆಗುತ್ತದೆ. ಸೌಂಡಿನವರು ಹೆಡ್‌ಫೋನ್ ಹಾಕಿಕೊಂಡರೆ ಅವರಿಗೆ ಫ್ಯಾನು, ಫ್ರಿಜ್ಜು, ಮೂರನೇ ಬೀದಿಯ ಸೊಪ್ಪಿನ ಗಾಡಿಯ ಮೈಕು ಎಲ್ಲ ಕೇಳುತ್ತದೆ. ಶಾಟ್ ಶುರುವಾಗುವ ಮೊದಲು ಫ್ಯಾನು, ಫ್ರಿಜ್ಜು ಆರಿಸುತ್ತೇವೆ. ಕಲಾವಿದೆಯರು ಏಪ್ರಿಲ್ ಬಿಸಿಲಿನಲ್ಲಿ ರೇಷ್ಮೆ ಸೀರೆ ಉಟ್ಟು, ಲೈಟಿನ ಎದುರು, ಫ್ಯಾನಿಲ್ಲದೆ ಅಳುವ ಸೀನ್ ಮಾಡುತ್ತಿರುತ್ತಾರೆ. ಕೊನೆಯ ಸಾಲಿನ ಮೇಲೆ ವಿಷಲ್ ಬಿದ್ದರೆ ಮತ್ತೆ ಮೊದಲಿಂದ ಅಳಬೇಕು. ಒಂದು ಮಾತು ವಿಷಲ್ ಜೊತೆ, ಮುಂದಿನ ಮಾತು ವಿಷಲ್ ಇಲ್ಲದೆ ಇದ್ದರೆ ಎಡಿಟಿನಲ್ಲಿ ಸೇರುವುದಿಲ್ಲ.

ಇನ್ನೊಮ್ಮೆ ಯಾರಾದರೂ ಬಂದರೆ ‘ಎಷ್ಟು ಹೊತ್ತು?’ ಎಂದು ಕೇಳಿ. ಒಂದು ಶಾಟ್ ಎರಡು ಮೂರು ನಿಮಿಷ ಮೀರುವುದು ಅಪರೂಪ. ಶಾಟ್ ಮುಗಿದ ಕೂಡಲೇ ಬಂದು ಹೇಳು ಅನ್ನಿ, ಅದು ಅವನ ಕೆಲಸವೇ. ಅಷ್ಟರಲ್ಲಿ ನೀವು ಬೇಳೆ ತೊಳೆದು ಇಟ್ಟುಕೊಂಡಿರಬಹುದು.